ಒಂದೇ ಗೋಡೆ, ಎರಡು ಗೂಡು: ವಿಷ ಹೊಡೆಸಿದ ವರ್ಷ, ಹೊಡೆಸದ ವರ್ಷ

ಈ ಪ್ರಕರಣದಲ್ಲಿ ಗೋಡೆ ಒಂದೇ, ಮನೆಯವರೂ ಅವರೇ. ಜೇನು ಬಂದು ಗೂಡು ಕಟ್ಟಿದ್ದು ಮಾತ್ರ ಎರಡು ಸಲ. ಮೊದಲ ಸಲ ವಿಷ ಹೊಡೆಸಿದರು. ಮರುವರ್ಷ ಮತ್ತೆ ಬಂದಾಗ ನನ್ನನ್ನು ಕರೆದರು. ನಾನು ಜೇನು ಸಾಕುವವನು. ಬೇಡದ ಕಡೆ ಕೂತ ಜೇನನ್ನು ಪೆಟ್ಟಿಗೆಗೆ ತುಂಬಿ ಬೇರೆ ಕಡೆ ಸಾಗಿಸುತ್ತೇನೆ. ಕೊಂದರೆ ಏನಾಗುತ್ತದೆ, ಸಾಗಿಸಿದರೆ ಏನಾಗುತ್ತದೆ ಎಂದು ಒಂದೇ ಗೋಡೆಯಲ್ಲಿ ನೋಡುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಜೇನು ಆ ಜಾಗವನ್ನೇ ಆರಿಸಿದ್ದು ಯಾಕೆ

ಎರಡು ಅಂತಸ್ತಿನ ಮನೆ. ಮೇಲಿನ ಕೋಣೆಯ ಹೊರಗೋಡೆಗೆ ಒಳಗಿನಿಂದ ಪ್ಲೈವುಡ್ ಹೊದಿಸಿದ್ದರು. ಹೊದಿಕೆಗೂ ಇಟ್ಟಿಗೆಗೂ ನಡುವೆ ಸುಮಾರು ಒಂದು ಗೇಣು ಪೊಳ್ಳು. ಹಿಂದೆ ಯಾವಾಗಲೋ ಏ.ಸಿ. ಪೈಪಿಗೆಂದು ಗೋಡೆಗೆ ಕೊರೆದ ತೂತು ಹಾಗೇ ಉಳಿದಿತ್ತು.

ಒಳಗೆ ಕತ್ತಲೆ. ಮಳೆ ಬೀಳುವುದಿಲ್ಲ. ಬಾಗಿಲು ಸಣ್ಣದು, ಕಾಯುವುದು ಸುಲಭ. ನೆಲದಿಂದ ಎತ್ತರ ಬೇರೆ. ತುಡುವೆ ಜೇನಿಗೆ ಇದು ಮರದ ಪೊಟರೆಗಿಂತ ಏನೂ ಕಡಿಮೆಯಲ್ಲ. ತುಡುವೆ ಎಂದರೆ ಪೊಟರೆ, ಹುತ್ತ, ಗೋಡೆಯ ಸಂದಿಯಂಥ ಜಾಗದಲ್ಲಿ ಹಲವು ಎರಿಗಳನ್ನು, ಅಂದರೆ ಮರಿ, ತುಪ್ಪ ಇಡುವ ಮೇಣದ ಹಲ್ಲೆಗಳನ್ನು, ಸಾಲಾಗಿ ಕಟ್ಟುವ ಜಾತಿ. ಬಯಲಿನಲ್ಲಿ ಒಂದೇ ದೊಡ್ಡ ಎರಿ ಇಳಿಬಿಡುವ ಹೆಜ್ಜೇನಿನ ಸ್ವಭಾವವೇ ಬೇರೆ. ಅದರ ಮಾತು ಮುಂದೆ ಬರುತ್ತದೆ.

ಮೊದಲ ವರ್ಷ

ಆ ಮನೆಯ ತಾಯಿಗೆ ನಾಲ್ಕು ವರ್ಷದ ಮಗ. ಮಗು ಮಲಗುವ ಕೋಣೆಯ ಗೋಡೆಯಿಂದ ಗುಂಯ್ ಎಂಬ ಸದ್ದು ಬಂದರೆ ಯಾರಿಗೆ ತಾನೇ ಭಯವಾಗುವುದಿಲ್ಲ? ಆ ಭಯವನ್ನು ನಾನು ಯಾವತ್ತೂ ಹಗುರವಾಗಿ ನೋಡುವುದಿಲ್ಲ. ಕೀಟನಾಶಕ ಹೊಡೆಯುವವರನ್ನು ಕರೆಸಿದರು. ಅವರು ಸಂಜೆ ಹೊತ್ತು ತೂತಿನೊಳಗೆ ವಿಷ ಹೊಡೆದು, ತೂತಿಗೆ ಕಾಗದ ತುರುಕಿ, ಮೇಲೆ ತೆಳುವಾಗಿ ಪುಟ್ಟಿ ಹಚ್ಚಿ ಹೋದರು. ಹೊದಿಕೆ ತೆಗೆದು ಒಳಗೆ ಏನಿದೆ ಎಂದು ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯ ಬುಡದಲ್ಲಿ ಸತ್ತ ಜೇನಿನ ರಾಶಿ. ಗುಡಿಸಿ ಹಾಕಿದರು. ಕೆಲಸ ಮುಗಿಯಿತು ಅಂದುಕೊಂಡರು.

ನಾಲ್ಕೈದು ದಿನಕ್ಕೆ ಪುಟ್ಟಿಯ ಒಂದು ಚೂರು ಬಿದ್ದುಹೋಯಿತು. ತೂತಿನ ಮುಂದೆ ಮತ್ತೆ ಜೇನು! ಅದೂ ಮೊದಲಿಗಿಂತ ಜಾಸ್ತಿ. ವಿಷ ಸಾಕಾಗಿಲ್ಲ ಎಂದು ಇನ್ನೊಮ್ಮೆ ಹೊಡೆಸಿದರು. ಆಗ ಮೊಬೈಲಿನಲ್ಲಿ ಮಾಡಿದ್ದ ವಿಡಿಯೋವನ್ನು ಆ ತಾಯಿ ಮರುವರ್ಷ ನನಗೆ ತೋರಿಸಿದರು. ನೋಡಿ ಬಹಳ ಬೇಸರವಾಯಿತು. ಅವು ಆ ಗೂಡಿನ ಜೇನುಗಳೇ ಅಲ್ಲ. ತಮ್ಮ ಗೂಡಿಗೆ ಮರಳುವ ಜೇನು ನೇರವಾಗಿ ಬಂದು ಬಾಗಿಲಲ್ಲಿ ಇಳಿಯುತ್ತದೆ. ಹಲವುದರ ಕಾಲಿಗೆ ಪರಾಗದ ಉಂಡೆ ಅಂಟಿರುತ್ತದೆ. ವಿಡಿಯೋದಲ್ಲಿ ಕಂಡವು ತೂತಿನ ಮುಂದೆ ಎಡಕ್ಕೆ ಬಲಕ್ಕೆ ತೂಗಾಡುತ್ತಿದ್ದವು. ಒಂದರ ಕಾಲಲ್ಲೂ ಪರಾಗ ಇರಲಿಲ್ಲ. ಕಾವಲಿಲ್ಲದ ಗೂಡಿನ ತುಪ್ಪ ಕದಿಯಲು ಬಂದ ಬೇರೆ ಗೂಡುಗಳ ಜೇನು ಅವು.

ವಿಷ ಹೊಡೆಯುವುದರಲ್ಲಿ ಜನರ ಕಣ್ಣಿಗೆ ಬೀಳದ ಹಾನಿ ಇದು. ಗೂಡಿನ ಕುಟುಂಬ ಸತ್ತರೂ ಎರಿಯ ತುಪ್ಪ ಅಲ್ಲೇ ಇರುತ್ತದೆ. ಅದರ ಮೇಲೆ ವಿಷ ಕೂತಿರುತ್ತದೆ. ವಾಸನೆ ಹಿಡಿದು ಬಂದ ಜೇನುಗಳು ಅದನ್ನು ಹೀರಿ ತಮ್ಮ ಮನೆಗೆ ಒಯ್ಯುತ್ತವೆ. ಜೇನುಗಳು ತಂದ ಆಹಾರವನ್ನು ಬಾಯಿಂದ ಬಾಯಿಗೆ ದಾಟಿಸುತ್ತವೆ. ಒಂದು ಗೋಡೆಗೆ ಹೊಡೆದ ವಿಷ ಹೀಗೆ ಯಾರೂ ನೋಡದ ಇನ್ನೊಂದು ಪೊಟರೆಯನ್ನು, ಇನ್ನೊಬ್ಬರು ಸಾಕಿದ ಪೆಟ್ಟಿಗೆಯನ್ನು ತಲುಪುತ್ತದೆ. ಪೆಟ್ಟಿಗೆಯ ಬಾಗಿಲಲ್ಲಿ ನಾಲಿಗೆ ಹೊರಚಾಚಿ ಸತ್ತು ಬಿದ್ದ ಜೇನುಗಳನ್ನು ಕಂಡರೆ ಸಾಕುವವರ ಮನಸ್ಸಿಗೆ ಮೊದಲು ಬರುವುದೇ ವಿಷದ ಅನುಮಾನ.

ಮನೆಯೊಳಗಿನ ಕಥೆ ಆಮೇಲೆ ಶುರುವಾಯಿತು. ಬದುಕಿರುವ ಕುಟುಂಬ ಮರಿಗಳಿರುವ ಜಾಗವನ್ನು ಸುಮಾರು 35 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಸೆಖೆ ಹೆಚ್ಚಾದರೆ ನೀರು ತಂದು ಚಿಮುಕಿಸಿ ರೆಕ್ಕೆ ಬೀಸುತ್ತದೆ. ಬೀಸುವವರೇ ಇಲ್ಲದಾಗ ಬಿಸಿಲು ಬಿದ್ದ ಗೋಡೆ ಕಾಯುತ್ತದೆ. ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಆದರೆ 40 ದಾಟುತ್ತಿದ್ದಂತೆಯೇ ಅದು ಮೆತ್ತಗಾಗುತ್ತದೆ, ತುಪ್ಪದ ಭಾರ ತಡೆಯುವುದಿಲ್ಲ. ಎರಿ ಕುಸಿಯಿತು. ತುಪ್ಪ ಸೋರಿ ಪ್ಲೈವುಡ್ಡಿನ ಕೆಳಗಂಚಿನಿಂದ ಕೋಣೆಯ ನೆಲಕ್ಕೆ ಇಳಿಯಿತು. ಇನ್ನೂ ಮಾಗದಿದ್ದ ಮಕರಂದ ಹುಳಿತು. ಮರಿಗಳು ಕೊಳೆತವು. ಇರುವೆ ಬಂತು, ಜಿರಳೆ ಬಂತು. ಕೆಲವು ವಾರಗಳಲ್ಲಿ ಮೇಣದ ಪತಂಗ ಕೋಣೆಯ ದೀಪದ ಸುತ್ತ ಹಾರತೊಡಗಿತು. ಆ ತಾಯಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಅಣ್ಣಾ, ಜೇನಿದ್ದಾಗ ಬರೀ ಸದ್ದಿತ್ತು. ಕೊಂದ ಮೇಲೆ ಆ ಕೋಣೆಗೆ ಕಾಲಿಡೋಕೇ ಆಗ್ಲಿಲ್ಲ."

ನನ್ನ ಮಟ್ಟಿಗೆ ಇಡೀ ಪ್ರಕರಣ ಇರುವುದು ಆ ಮಾತಿನಲ್ಲೇ. ವಿಷ ಜೇನನ್ನು ಕೊಲ್ಲುತ್ತದೆ. ಗೂಡನ್ನು ತೆಗೆಯುವುದಿಲ್ಲ. ಮನೆಯವರಿಗೆ ಆಮೇಲೆ ಕಾಡುವುದು ಗೂಡು.

ಮತ್ತೆ ಬಂದಿದ್ದು

ಹೂವಿನ ಕಾಲದಲ್ಲಿ ಜೇನು ಕುಟುಂಬ ಬೆಳೆದು ತುಂಬಿದಾಗ ಪಾಲಾಗುತ್ತದೆ. ಹಳೆಯ ರಾಣಿ ಅರ್ಧದಷ್ಟು ಜೇನುಗಳ ಜೊತೆ ಹೊರಡುತ್ತದೆ. ಹಿಂಡು ಯಾವುದಾದರೂ ಕೊಂಬೆಗೆ ಗೊಂಚಲಿನಂತೆ ಜೋತುಬಿದ್ದು, ಜಾಗ ಹುಡುಕುವ ಜೇನುಗಳನ್ನು ಸುತ್ತಲೂ ಕಳಿಸುತ್ತದೆ. ಅವು ಬಂದು ಕುಣಿದು ಜಾಗದ ದಿಕ್ಕು, ದೂರ ತಿಳಿಸುತ್ತವೆ. ಜೇನಿನ ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಮನೆ ಹುಡುಕುವ ಹಿಂಡೂ ಅದೇ ಕುಣಿತದಿಂದ ಒಂದು ತೀರ್ಮಾನಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟವರು ಅವರ ಶಿಷ್ಯ ಮಾರ್ಟಿನ್ ಲಿಂಡಾವರ್.

ಹಾಗೆ ಹುಡುಕುವ ಜೇನಿಗೆ ಹಳೆಯ ಮೇಣದ ವಾಸನೆ ತುಂಬ ಇಷ್ಟ. ಇಲ್ಲಿ ಮೊದಲು ಜೇನು ಬಾಳಿತ್ತು, ಜಾಗ ಒಳ್ಳೆಯದು ಎಂಬ ಗುರುತು ಅದು. ಗೋಡೆಯೊಳಗೆ ಮೇಣ ಹಾಗೇ ಇತ್ತು. ತೂತಿನ ಪುಟ್ಟಿ ಅಷ್ಟರಲ್ಲಿ ಪೂರ್ತಿ ಉದುರಿತ್ತು. ಮತ್ತೆ ಬರದೆ ಇನ್ನೇನು?

ಫೋನಿನಲ್ಲಿ ನಾನು ಕೇಳಿದ್ದು ಕೆಲವೇ ಪ್ರಶ್ನೆ. ಮೈ ನುಣುಪಾಗಿ ಹೊಳೆಯುತ್ತದಾ, ಕೂದಲು ಕೂದಲಾಗಿದೆಯಾ? ನುಣುಪಾಗಿ, ಸೊಂಟ ತೀರಾ ಸಣ್ಣದಾಗಿದ್ದರೆ ಅದು ಕಣಜ, ದಾರಿ ಬೇರೆ. ಬಯಲಲ್ಲಿ ಗೊಂಚಲಾಗಿ ಕೂತಿದೆಯಾ, ತೂತಿನೊಳಗೆ ಹೋಗಿ ಬರುತ್ತಿದೆಯಾ? ಕಾಲಲ್ಲಿ ಹಳದಿ ಉಂಡೆ ಕಾಣುತ್ತದಾ? ಎಷ್ಟು ದಿನವಾಯಿತು? ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿ ಉಸಿರು ಕಟ್ಟಿದ್ದು, ತಲೆ ಸುತ್ತಿ ಬಿದ್ದದ್ದು ಉಂಟಾ?

ಕೊಂಬೆಗೆ ಜೋತುಬಿದ್ದ ಹಿಂಡಾಗಿದ್ದರೆ ನಾನು "ಎರಡು ದಿನ ಸುಮ್ನೆ ಬಿಡಿ" ಎನ್ನುತ್ತಿದ್ದೆ. ಅಂಥ ಹಿಂಡಿಗೆ ಕಾಯಲು ಮರಿಯೂ ಇಲ್ಲ, ತುಪ್ಪವೂ ಇಲ್ಲ. ಹೊಟ್ಟೆ ತುಂಬ ತುಪ್ಪ ಕುಡಿದು ಹೊರಟಿರುತ್ತದೆ. ಕೆಣಕದಿದ್ದರೆ ಕಚ್ಚುವುದು ತೀರಾ ಕಡಿಮೆ. ಹೆಚ್ಚಿನ ಸಲ ತಾನಾಗಿ ಹಾರಿಹೋಗುತ್ತದೆ. ಇಲ್ಲಿ ಹಾಗಿರಲಿಲ್ಲ. ಮೂರು ವಾರವಾಗಿತ್ತು, ಪರಾಗ ಒಳಗೆ ಹೋಗುತ್ತಿತ್ತು. ಅಂದರೆ ಮರಿ ಬೆಳೆಸುತ್ತಿದೆ, ನೆಲೆ ನಿಂತಿದೆ.

ಯಾವ ದಾರಿ?

ಬಿಟ್ಟುಬಿಡುವುದೂ ಒಂದು ದಾರಿ. ಜನ ಓಡಾಡದ ಗೋಡೆಯಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಇದು ಮಗುವಿನ ಕೋಣೆ. ಬಿಡುವಂತಿರಲಿಲ್ಲ.

ಗೋಡೆ ಒಡೆಯಲು ಆಗದ ಕಡೆ ಜಾಲರಿಯ ಆಲಿಕೆ ಕೂರಿಸುತ್ತೇವೆ. ಆಲಿಕೆಯ ಅಗಲ ಬಾಯಿ ತೂತಿಗೆ, ಕಿರಿದಾದ ತುದಿ ಹೊರಗೆ. ಹೊರಬಂದ ಜೇನಿಗೆ ಮರಳಿ ಒಳಗೆ ಹೋಗುವ ದಾರಿ ಸಿಗುವುದಿಲ್ಲ. ಪಕ್ಕದಲ್ಲೇ ಇಟ್ಟ ಪೆಟ್ಟಿಗೆ ಸೇರಿಕೊಳ್ಳುತ್ತದೆ. ಒಳಗಿನ ಮರಿಗಳೆಲ್ಲ ಜೇನಾಗಿ ಹೊರಬರಬೇಕು. ಮೊಟ್ಟೆಯಿಂದ ಕೆಲಸಗಾರ ಜೇನು ಆಗಲು ಸುಮಾರು ಮೂರು ವಾರ ಬೇಕು. ಹಾಗಾಗಿ ಇಡೀ ಕೆಲಸಕ್ಕೆ ಒಂದೆರಡು ತಿಂಗಳು ಹಿಡಿಯುತ್ತದೆ. ರಾಣಿ ಹೆಚ್ಚಾಗಿ ಹೊರಗೆ ಬರುವುದೇ ಇಲ್ಲ. ಅದಕ್ಕೇ ಪೆಟ್ಟಿಗೆಗೆ ಬೇರೆ ಕುಟುಂಬದಿಂದ ಎಳೆ ಮರಿಗಳಿರುವ ಎರಿ ಕೊಡಬೇಕು, ಜೇನುಗಳು ಅದರಿಂದ ಹೊಸ ರಾಣಿ ಮಾಡಿಕೊಳ್ಳುತ್ತವೆ. ಅಷ್ಟೆಲ್ಲ ಆದರೂ ಎರಿ, ತುಪ್ಪ ಗೋಡೆಯಲ್ಲೇ ಉಳಿಯುತ್ತದೆ.

ಈ ಗೋಡೆಯ ಹೊದಿಕೆ ಸ್ಕ್ರೂ ಹಾಕಿ ನಿಲ್ಲಿಸಿದ್ದು. ಬಿಚ್ಚಬಹುದು. ಬಿಚ್ಚಿ, ಎರಿಗಳನ್ನು ಕತ್ತರಿಸಿ, ಮರಿ ಸಮೇತ ಪೆಟ್ಟಿಗೆಗೆ ಕಟ್ಟುವುದೇ ಸರಿ ಎಂದು ನಿರ್ಧರಿಸಿದೆ. ಕುಟುಂಬವೂ ಉಳಿಯುತ್ತದೆ, ಗೋಡೆಯೂ ಖಾಲಿಯಾಗುತ್ತದೆ.

ಬಿಚ್ಚಿದ ದಿನ

ಮಧ್ಯಾಹ್ನ ಶುರು ಮಾಡಿದೆ. ಆ ಹೊತ್ತಿಗೆ ವಯಸ್ಸಾದ ಜೇನುಗಳು ಹೂವಿಗೆ ಹೋಗಿರುತ್ತವೆ. ಗೂಡು ಕಾಯಲು ಮುಂದಾಗುವುದೂ ಹೆಚ್ಚಾಗಿ ಆ ವಯಸ್ಸಿನವೇ. ಮಗುವನ್ನೂ ಅಜ್ಜಿಯನ್ನೂ ಕೆಳಗೆ ಕಳಿಸಿ ಬಾಗಿಲು ಹಾಕಿಸಿದೆ. ಕೋಣೆಯ ಪರದೆಗಳನ್ನು ಎಳೆದು ಒಂದು ಕಿಟಕಿಯನ್ನು ಮಾತ್ರ ತೆರೆದಿಟ್ಟೆ. ಒಳಗೆ ಹಾರಿದ ಜೇನು ಬೆಳಕಿನ ಕಡೆಗೇ ಹೋಗುತ್ತದೆ. ಕೆಂಪು ಬೆಳಕು ಜೇನಿಗೆ ಕಾಣುವುದಿಲ್ಲ, ಹಾಗಾಗಿ ಟಾರ್ಚಿಗೆ ಕೆಂಪು ಹಾಳೆ ಸುತ್ತಿದ್ದೆ.

ಗೂಡು ನಿಖರವಾಗಿ ಎಲ್ಲಿದೆ ಎಂದು ಕೈಯೇ ಹೇಳುತ್ತದೆ. ಹೊದಿಕೆಯ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸರಿಸುತ್ತ ಹೋದರೆ ಒಂದು ಕಡೆ ಬೆಚ್ಚಗಾಗುತ್ತದೆ. ಒಳಗೆ ಮರಿಗಳಿರುವುದು ಅಲ್ಲೇ. ಇಷ್ಟು ವರ್ಷವಾದರೂ ಆ ಬೆಚ್ಚಗೆ ಅಂಗೈಗೆ ತಾಗಿದಾಗ ಒಂದು ಕ್ಷಣ ಕೈ ಅಲ್ಲೇ ನಿಲ್ಲುತ್ತದೆ.

ಹೊಗೆತಿದಿಯಿಂದ ತೂತಿಗೆ ಎರಡು ಸಲ ತಣ್ಣನೆಯ ಹೊಗೆ ಊದಿದೆ. ಕಾವಲು ಜೇನು ಕಚ್ಚಿದಾಗ ಮಾಗಿದ ಬಾಳೆಹಣ್ಣಿನಂಥ ಒಂದು ವಾಸನೆ ಹೊಮ್ಮುತ್ತದೆ. ಉಳಿದವಕ್ಕೆ ಅದೇ ಅಪಾಯದ ಸುದ್ದಿ. ಹೊಗೆ ಆ ವಾಸನೆಯನ್ನು ಮುಚ್ಚುತ್ತದೆ, ಜೇನುಗಳು ತುಪ್ಪ ಹೀರುವುದರಲ್ಲಿ ತೊಡಗುತ್ತವೆ. ಹೊಗೆ ಜಾಸ್ತಿಯಾದರೆ ಗಾಬರಿಯಾಗಿ ಎಲ್ಲ ಕಡೆ ಓಡುತ್ತವೆ. ಸ್ವಲ್ಪವೇ ಸಾಕು.

ಹೊದಿಕೆ ಬಿಚ್ಚಿದಾಗ ಆರು ಹೊಸ ಎರಿಗಳು ಬೆಳ್ಳಗೆ ತೂಗುತ್ತಿದ್ದವು. ಅವುಗಳ ಕೆಳಗೆ ಹಿಂದಿನ ವರ್ಷದ್ದು: ಕಪ್ಪಾದ ಮೇಣದ ಚೂರು, ಪತಂಗದ ಬಲೆ, ಒಣಗಿದ ಜೇನಿನ ರೆಕ್ಕೆಗಳು, ಅಂಟು ಕೆಸರು. ಒಂದು ಗೇಣಿನ ಜಾಗದಲ್ಲಿ ಎರಡೂ ವರ್ಷ ಕಣ್ಣೆದುರಿಗೇ ಇತ್ತು.

ಒಂದೊಂದೇ ಎರಿಯನ್ನು ಮೇಲಿನಿಂದ ಕತ್ತರಿಸಿ, ಮರಿ ಇರುವ ಭಾಗವನ್ನು ಮರದ ಫ್ರೇಮಿಗೆ ಹತ್ತಿ ದಾರದಿಂದ ಕಟ್ಟಿದೆ. ಮೇಲು ಕೆಳಗು ತಪ್ಪಬಾರದು. ಎರಿಯ ಕಣಗಳು, ಅಂದರೆ ಮೇಣದ ಸಣ್ಣ ಕೋಣೆಗಳು, ತುಸು ಮೇಲ್ಮುಖವಾಗಿ ಓರೆ ಇರುತ್ತವೆ, ತಿರುಗಿಸಿ ಕಟ್ಟಿದರೆ ಮಕರಂದ ನಿಲ್ಲುವುದಿಲ್ಲ. ಕೆಲವೇ ದಿನಗಳಲ್ಲಿ ಜೇನುಗಳು ಎರಿಯನ್ನು ಫ್ರೇಮಿಗೆ ಬೆಸೆದು, ದಾರವನ್ನು ಕಡಿದು ಹೊರಗೆಸೆಯುತ್ತವೆ. ತುಪ್ಪದ ಎರಿಗಳನ್ನು ಪೆಟ್ಟಿಗೆಗೆ ಹಾಕಲಿಲ್ಲ. ಒಡೆದ ಎರಿಯ ತುಪ್ಪ ಸೋರಿ ಇರುವೆಯನ್ನೂ ಕಳ್ಳ ಜೇನನ್ನೂ ಕರೆಯುತ್ತದೆ. ವಿಷ ಬಿದ್ದ ಗೋಡೆಯಿಂದ ಬಂದದ್ದಾದ್ದರಿಂದ ಯಾರೂ ತಿನ್ನಲೂ ಬಿಡಲಿಲ್ಲ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೂತುಹಾಕಿದೆವು.

ಮೂರನೇ ಎರಿ ನನ್ನ ಕೈಜಾರಿ ನೆಲಕ್ಕೆ ಬಿತ್ತು. ಒಂದಷ್ಟು ಮರಿಗಳು ಸತ್ತವು. ಅವಸರ ಮಾಡಿದ್ದು ನನ್ನ ತಪ್ಪು, ಒಂದು ಕೈ ಕೆಳಗೆ ಹಿಡಿದೇ ಕತ್ತರಿಸಬೇಕಿತ್ತು.

ನಾಲ್ಕನೇ ಎರಿಯ ಮೇಲೆ ರಾಣಿ ಸಿಕ್ಕಿತು. ಉದ್ದ ಹೊಟ್ಟೆ, ಗಿಡ್ಡ ರೆಕ್ಕೆ, ಸುತ್ತ ಅದರ ಕಡೆಗೇ ಮುಖ ಮಾಡಿದ ಜೇನುಗಳು. ಸಣ್ಣ ಪಂಜರಕ್ಕೆ ಬಿಟ್ಟು ಪೆಟ್ಟಿಗೆಯೊಳಗೆ ತೂಗುಹಾಕಿದೆ. ಪೆಟ್ಟಿಗೆಯನ್ನು ಹಳೆಯ ತೂತಿನ ಪಕ್ಕಕ್ಕೇ, ಹೊರಗೆ ಹಲಗೆ ಕಟ್ಟಿ ಇಟ್ಟೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತ ಹತ್ತಾರು ಜೇನು ಹಿಂಭಾಗ ಎತ್ತಿ ರೆಕ್ಕೆ ಬೀಸತೊಡಗಿದವು. "ಇಲ್ಲಿದ್ದೇವೆ, ಬನ್ನಿ" ಎಂಬ ವಾಸನೆ ಹರಡುವುದು ಹಾಗೆ. ಗೋಡೆಯ ಮೇಲಿದ್ದವು ನಡೆದೇ ಪೆಟ್ಟಿಗೆಯೊಳಕ್ಕೆ ಹೋದವು. ಈ ಹೊತ್ತಿಗೆ ಆ ತಾಯಿ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅವರ ಭಯ ಎಲ್ಲೋ ಹೋಗಿತ್ತು.

ಕೇಳದೆ ಒಳಬಂದ ಅವರ ಗಂಡನಿಗೆ ಮಣಿಕಟ್ಟಿಗೆ ಒಂದು ಕಚ್ಚಿತು. ಉಗುರಿನಿಂದ ತಕ್ಷಣ ಮುಳ್ಳು ಕೆರೆದು ತೆಗೆದೆ. ಮುಳ್ಳಿನ ಜೊತೆ ವಿಷದ ಚೀಲವೂ ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಿರುತ್ತದೆ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಊತ, ಉರಿ ಮಾತ್ರವಾದರೆ ತಣ್ಣೀರು ಬಟ್ಟೆ ಸಾಕು. ನಾಲಿಗೆ ಊದಿದರೆ, ಉಸಿರಾಟ ಕಷ್ಟವಾದರೆ, ಮೈಯೆಲ್ಲ ದದ್ದು ಎದ್ದು ತಲೆ ಸುತ್ತಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಒಂದೇ ಜೇನು ಕಚ್ಚಿದ್ದರೂ ಅಷ್ಟೇ.

ಆಮೇಲಿನ ಕೆಲಸ

ಕತ್ತಲಾದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹಾಕಿ ನಾಲ್ಕು ಕಿಲೋಮೀಟರ್ ಆಚೆ ಒಯ್ದೆ. ನೂರಿನ್ನೂರು ಮೀಟರ್ ಸರಿಸಿದ್ದರೆ ಮರುದಿನ ಹೂವಿಗೆ ಹೋದ ಜೇನೆಲ್ಲ ಹಳೇ ತೂತಿಗೇ ಮರಳುತ್ತಿದ್ದವು. ಅವುಗಳ ನೆನಪಿನಲ್ಲಿ ಉಳಿದಿರುವುದು ಜಾಗ. ತುಡುವೆ ಬೇಗ ಪರಾರಿಯಾಗುವ ಜಾತಿ, ಆದ್ದರಿಂದ ರಾಣಿಯನ್ನು ಪಂಜರದಿಂದ ಬಿಟ್ಟ ಮೇಲೆ ಐದು ದಿನ ಬಾಗಿಲಿಗೆ ರಾಣಿ ತಡೆ ಗೇಟು (ಕೆಲಸಗಾರ ಜೇನು ದಾಟುತ್ತದೆ, ರಾಣಿ ದಾಟಲಾರದು) ಹಾಕಿಟ್ಟೆ. ಸಂಜೆ ಹೊತ್ತು ಸಕ್ಕರೆ ಪಾಕ ಕೊಟ್ಟೆ. ಮೂರನೇ ದಿನ ಪರಾಗದ ಉಂಡೆ ಒಳಗೆ ಹೋಗುವುದು ಕಂಡಿತು. ಆಗ ನನಗೆ ಸಮಾಧಾನವಾಯಿತು.

ತೂತಿನ ಬಳಿ ಒಂದು ಹಿಡಿಯಷ್ಟು ಜೇನು ಉಳಿದಿತ್ತು. "ಇವಕ್ಕೆ ಸ್ಪ್ರೇ ಹೊಡೀಲಾ ಅಣ್ಣಾ?" ಎಂದು ಫೋನ್ ಬಂತು. ಬೇಡ ಎಂದೆ. ಸಂಜೆ ಹೋಗಿ ಅವನ್ನು ರಟ್ಟಿನ ಡಬ್ಬಿಗೆ ಗುಡಿಸಿ ತಂದು ಕುಟುಂಬಕ್ಕೆ ಸೇರಿಸಿದೆ.

ಗೋಡೆಯ ಕೆಲಸಕ್ಕೆ ಜೇನು ಹಿಡಿದಷ್ಟೇ ಹೊತ್ತು ಹಿಡಿಯಿತು. ಮೇಣವನ್ನು ಪೂರ್ತಿ ಕೆರೆದು, ಸೋಪಿನ ನೀರಿನಿಂದ ಉಜ್ಜಿ ತೊಳೆದು, ಒಣಗಿಸಿ, ಪೊಳ್ಳು ಜಾಗ ತುಂಬಿಸಿ, ತೂತಿಗೆ ಸಿಮೆಂಟು ಹಾಕಿಸಿದೆವು. ಗಾಳಿ ಆಡಬೇಕಾದ ಕಿಂಡಿಗಳಿಗೆ 3 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ. ಇಷ್ಟನ್ನು ಮೊದಲ ವರ್ಷವೇ, ಜೇನು ಬರುವ ಮುಂಚೆಯೇ ಮಾಡಿದ್ದರೆ ಎರಡೂ ಗೂಡು ಅಲ್ಲಿ ಆಗುತ್ತಲೇ ಇರಲಿಲ್ಲ, ಅಲ್ವಾ?

ಹೆಜ್ಜೇನಿಗೆ ಇದು ಬೇಡ

ಮೇಲೆ ಬರೆದ ರೀತಿ ತುಡುವೆಗೆ, ಅದೂ ಕೈ ಪಳಗಿದವರಿಗೆ. ಕಟ್ಟಡದ ಅಂಚಿನಲ್ಲಿ ಮೊರದಷ್ಟಗಲ ತೂಗುವ ಹೆಜ್ಜೇನಿಗೆ ಯಾರೂ ಸ್ವಂತ ಸಾಹಸ ಮಾಡಬಾರದು. ಬೆಂಕಿ, ಕಲ್ಲು, ನೀರಿನ ಪೈಪು ಯಾವುದೂ ಬೇಡ. ಒಮ್ಮೆ ಎದ್ದರೆ ನೂರಾರು ಜೇನು ಒಟ್ಟಿಗೆ ಅಟ್ಟಿಸಿಕೊಂಡು ಬರುತ್ತವೆ, ದಾರಿಯಲ್ಲಿ ಹೋಗುವವರನ್ನೂ ಬಿಡುವುದಿಲ್ಲ. ಹಾಗಾದಾಗ ಕೈ ಬೀಸದೆ, ಮುಖ ಮುಚ್ಚಿಕೊಂಡು ಹತ್ತಿರದ ಮುಚ್ಚಿದ ಕೋಣೆಗೆ ಓಡಬೇಕು. ನೀರಿಗೆ ಹಾರಿದರೆ ಮೇಲೆ ಬರುವವರೆಗೆ ಅವು ಕಾಯುತ್ತವೆ. ಹೆಜ್ಜೇನು ವಲಸೆ ಹೋಗುವ ಜಾತಿ. ಕೆಲವು ತಿಂಗಳಿದ್ದು, ಹೂವು ಮುಗಿದ ಮೇಲೆ ತಾನೇ ಎರಿ ಬಿಟ್ಟು ಹೊರಡುತ್ತದೆ. ಅಲ್ಲಿಯವರೆಗೆ ಆ ಬದಿಯ ಕಿಟಕಿ ಮುಚ್ಚಿ, ರಾತ್ರಿ ದೀಪ ಆರಿಸಿ ಕಾಯುವುದು ಒಳ್ಳೆಯದು. ಹೋದ ಮೇಲೆ ಖಾಲಿ ಎರಿಯನ್ನೂ ಮೇಣದ ಗುರುತನ್ನೂ ಕೆರೆಸಬೇಕು. ಕಾಯಲು ಆಗದ ಜಾಗವಾದರೆ ಪರಿಣತರನ್ನೇ ಕರೆಯಬೇಕು.

ಒಂದು ಕುಟುಂಬದ ಲೆಕ್ಕ

ಒಂದು ಗೂಡು ಹೋದರೆ ಏನಂತೆ ಎಂದು ಆ ಮನೆಯ ಅಜ್ಜಿ ಕೇಳಿದರು. ನ್ಯಾಯವಾದ ಪ್ರಶ್ನೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಗಳಿಗೆ ಕೀಟ, ಹಕ್ಕಿ, ಬಾವಲಿಗಳ ಪರಾಗಸ್ಪರ್ಶದಿಂದ ಲಾಭವಿದೆ. ಆ ಕೆಲಸದಲ್ಲಿ ಮುಂದಿರುವುದು ಜೇನು ಮತ್ತು ಅದರ ನೆಂಟರು, ಒಟ್ಟು 20,000ಕ್ಕೂ ಹೆಚ್ಚು ಜಾತಿ. ಭತ್ತ, ಗೋಧಿ ಹೆಚ್ಚಾಗಿ ತಮ್ಮದೇ ಹೂವಿನ ಪರಾಗದಿಂದ ಫಲಿಸುತ್ತವೆ, ಅವುಗಳಿಗೆ ಜೇನು ಬೇಡ. ಕುಂಬಳ, ಸೌತೆ, ಸೇಬು, ಬಾದಾಮಿ, ಸೂರ್ಯಕಾಂತಿಯ ಮಾತು ಬೇರೆ. ಅರ್ಧ ಕಿಲೋಗೂ ಕಡಿಮೆ ತುಪ್ಪಕ್ಕೆ ಜೇನುಗಳು ಹೂವುಗಳಿಗೆ ಕೊಡುವ ಭೇಟಿ ಸುಮಾರು 20 ಲಕ್ಷ. ತುಪ್ಪಕ್ಕಿಂತ ಆ ಭೇಟಿಗಳಿಗೇ ಬೆಲೆ ಜಾಸ್ತಿ.

ಅಜ್ಜಿಗೆ ನಾನು ಇನ್ನೊಂದು ಮಾತನ್ನೂ ಹೇಳಿದೆ. ಗೋಡೆಯಲ್ಲಿ, ಪೊಟರೆಯಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕಿದ ಕುಟುಂಬ ಗಟ್ಟಿ ಕುಟುಂಬ. ಅದರ ಗಂಡು ಜೇನುಗಳು ಸುತ್ತಲಿನ ಹೊಸ ರಾಣಿಗಳ ಜೊತೆ ಕೂಡುತ್ತವೆ. ಅದು ಪಾಲಾಗಿ ಇನ್ನೊಂದು ಕುಟುಂಬ ಹುಟ್ಟುತ್ತದೆ. ವಿಷ ಹೊಡೆದ ವರ್ಷ ಆ ಗೋಡೆಯಿಂದ ಹುಟ್ಟಬೇಕಿದ್ದವೂ ಹುಟ್ಟಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇನು ಪಾಪ, ಮರಿ ಇರೋ ಮನೆ" ಎಂದರು.

ಮುಂದಿನ ಹೂವಿನ ಕಾಲದಲ್ಲಿ ಆ ತಾಯಿಯ ಫೋನ್ ಬಂತು. ಹತ್ತಿಪ್ಪತ್ತು ಜೇನು ಬಂದು ಸಿಮೆಂಟು ಮೆತ್ತಿದ ಜಾಗವನ್ನು ಮೂಸುತ್ತ ಓಡಾಡುತ್ತಿವೆ, ಏನು ಮಾಡಲಿ ಎಂದರು. ಏನೂ ಮಾಡಬೇಡಿ, ಎಲ್ಲಾದರೂ ಸಂದಿ ಬಿಟ್ಟಿದೆಯಾ ಅಷ್ಟು ನೋಡಿ ಎಂದೆ. ಸಂದಿ ಇರಲಿಲ್ಲ. ಮೂರನೇ ದಿನಕ್ಕೆ ಅವು ಬರುವುದು ನಿಂತಿತು.